ಬ್ಯಾಟನ್ ಎಷ್ಟು ಬಿಗಿಯಿರಬೇಕು?

ಪ್ರಶ್ನೆ: ನಾನು ಮಂಗಳೂರಿನವನು, ಬಹರೇನ್‌ನಲ್ಲಿ ಕೆಲಸದಲ್ಲಿದ್ದೇನೆ. ಕಳೆದ ವರ್ಷ ಹಳೆಯದೊಂದು ಹೋಬಿ 16 ಹಾಯಿದೋಣಿ ಕೊಂಡು ರಜಾದಿನದ ರೇಸ್‌ಗಳಿಗೆ ಇಳಿದಿದ್ದೇನೆ. ದೊಡ್ಡ ಹಾಯಿಯ ಬ್ಯಾಟನ್‌ಗಳ, ಅಂದರೆ ಹಾಯಿಯ ಕಿಸೆಗಳಲ್ಲಿ ತೂರಿಸಿ ದಾರದಿಂದ ಕಟ್ಟುವ ಕಡ್ಡಿಗಳ, ಉದ್ದಕ್ಕೂ ನಿರಿಗೆಗಳು ಕಾಣುತ್ತಿದ್ದವು. ಸ್ನೇಹಿತರೊಬ್ಬರ ಮಾತಿನಂತೆ ಎಲ್ಲ ಬ್ಯಾಟನ್‌ಗಳನ್ನೂ ಒಂದೇ ಸಮನಾಗಿ ಎಳೆದು ಕಟ್ಟಿದೆ. ನಿರಿಗೆ ಹೋಯಿತು, ಆದರೆ ಗಾಳಿ ಮಂದವಾಗಿರುವ ದಿನ ಟ್ಯಾಕ್ ಮಾಡಿದ ಮೇಲೆ, ಅಂದರೆ ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ಹಾಯಿಸಿ ಇನ್ನೊಂದು ಬದಿಗೆ ತಿರುಗಿಸಿದ ಮೇಲೆ, ಮೇಲಿನ ಎರಡು ಮೂರು ಬ್ಯಾಟನ್‌ಗಳು ಹಳೆಯ ಬದಿಗೇ ಬಾಗಿ ನಿಂತುಬಿಡುತ್ತವೆ. ಅಷ್ಟರಲ್ಲಿ ಉಳಿದವರು ಮುಂದೆ ಹೋಗಿರುತ್ತಾರೆ. ಬಿಗಿ ಸಡಿಲಿಸಲೇ, ಮೆತ್ತಗಿನ ಬ್ಯಾಟನ್ ಕೊಳ್ಳಲೇ, ಅಥವಾ ಇರುವುದನ್ನೇ ಉಪ್ಪುಕಾಗದದಿಂದ ಉಜ್ಜಿ ತೆಳ್ಳಗೆ ಮಾಡಲೇ?

ಉತ್ತರ: ಮೂರರಲ್ಲಿ ಮೊದಲನೆಯದನ್ನು ಮುಂದಿನ ರೇಸಿಗೆ ಮೊದಲೇ ಮಾಡಿ. ಎರಡನೆಯದನ್ನು ಅಳತೆ ತೆಗೆದು ನೋಡಿದ ಮೇಲೆ ಯೋಚಿಸಿ. ಮೂರನೆಯದಕ್ಕೆ ಕೈ ಹಾಕಬೇಡಿ. ಬ್ಯಾಟನ್ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ಒಂದೇ ಕಡೆ: ಬ್ಯಾಟನ್ನಿನ ಗಡಸುತನ ಬೇರೆ, ಅದನ್ನು ಕಟ್ಟಿದ ಬಿಗಿ ಬೇರೆ ಎಂಬುದನ್ನು ಮರೆತು, ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಲು ಹೊರಡುತ್ತಾರೆ. ಹಾಯಿಯ ಉಬ್ಬು ಎಲ್ಲಿ ನಿಲ್ಲಬೇಕು, ಎಷ್ಟು ಆಳವಿರಬೇಕು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಹಾಯಿಯ ಕತ್ತರಿಕೆ ಮತ್ತು ಬ್ಯಾಟನ್ನಿನ ಗಡಸುತನ. ದಾರದ ಬಿಗಿಯ ಕೆಲಸ ಕಿಸೆಯ ಬಟ್ಟೆಯಲ್ಲಿ ಉಳಿದ ಸಡಿಲವನ್ನು ತೆಗೆಯುವುದಷ್ಟೇ. ಸಡಿಲ ಹೋದ ಮೇಲೂ ಎಳೆದರೆ ಆ ಬಿಗಿ ಹೊಸ ತೊಂದರೆಗಳನ್ನು ತರುತ್ತದೆ. ನಿಮಗೆ ಆಗಿರುವುದು ಇದೇ.

ಬ್ಯಾಟನ್ ಏಕೆ ಬೇಕು ಎಂಬುದರಿಂದ ಆರಂಭಿಸುತ್ತೇನೆ. ಹಾಯಿಯ ತುದಿಯಿಂದ ಹಿಂದಿನ ಕೆಳಮೂಲೆಗೆ ಒಂದು ನೇರಗೆರೆ ಎಳೆದುಕೊಳ್ಳಿ. ಆ ಗೆರೆಯಿಂದ ಆಚೆಗೆ ಹಿಂದಿನ ಅಂಚಿನಲ್ಲಿ, ಅಂದರೆ ಲೀಚಿನಲ್ಲಿ, ಉಬ್ಬಿಕೊಂಡಿರುವ ಬಟ್ಟೆಯನ್ನು ಹಿಡಿದು ನಿಲ್ಲಿಸಲು ಯಾವ ಹಗ್ಗವೂ ಇಲ್ಲ. ಒಳಗೆ ಕಡ್ಡಿಯಿಲ್ಲದಿದ್ದರೆ ಅದು ಮಡಚಿ ಬಿದ್ದುಬಿಡುತ್ತದೆ. ನಿಮ್ಮ ಊರಿನ ಹಳೆಯ ಹಾಯಿಮಂಜಿಗಳಲ್ಲಿ ಇಂಥ ಕಡ್ಡಿಗಳಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಬಗೆಯ ಹಾಯಿಯ ಹಿಂದಿನ ಅಂಚನ್ನು ಸಾಮಾನ್ಯವಾಗಿ ನೇರವಾಗಿಯೋ ತುಸು ಒಳಬಾಗಿಸಿಯೋ ಕತ್ತರಿಸುತ್ತಿದ್ದರು. ರೇಸಿನ ದೋಣಿಗೆ ಅದೇ ಎತ್ತರದ ಮಾಸ್ಟಿನಲ್ಲಿ, ಅಂದರೆ ಹಾಯಿಕಂಬದಲ್ಲಿ, ಹೆಚ್ಚು ಬಟ್ಟೆ ಬೇಕು, ಆದ್ದರಿಂದ ಬ್ಯಾಟನ್ ಬಂತು.

ಬ್ಯಾಟನ್ನಿನಲ್ಲಿ ಎರಡು ಜಾತಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡದಲ್ಲೇ ಎರಡೂ ಇದ್ದವು. ವಿಷ್ಣು ಸರವಣನ್ ಮತ್ತು ನೇತ್ರಾ ಕುಮಾನನ್ ಓಡಿಸಿದ ಲೇಸರ್ ದೋಣಿಗಳ ಹಾಯಿಯಲ್ಲಿ ಹಿಂದಿನ ಅಂಚಿಗೆ ಮಾತ್ರ ಮೂರು ಗಿಡ್ಡ ಬ್ಯಾಟನ್‌ಗಳು, ಕೆ.ಸಿ. ಗಣಪತಿ ಮತ್ತು ವರುಣ್ ಠಕ್ಕರ್ ಓಡಿಸಿದ ಫಾರ್ಟಿನೈನರ್‌ನಲ್ಲಿ ಮಾಸ್ಟಿನಿಂದ ಲೀಚಿನವರೆಗೆ ಹಾಯುವ ಪೂರ್ಣ ಬ್ಯಾಟನ್‌ಗಳು. ಗಿಡ್ಡ ಬ್ಯಾಟನ್ ಅಂಚನ್ನು ಮಾತ್ರ ಹಿಡಿಯುತ್ತದೆ. ಪೂರ್ಣ ಬ್ಯಾಟನ್ ಹಾಯಿಯ ಇಡೀ ಅಡ್ಡಕೊಯ್ತದ ಆಕಾರಕ್ಕೆ ಎಲುಬಾಗುತ್ತದೆ. ನಿಮ್ಮ ಹೋಬಿ 16 ಎರಡನೆಯ ಜಾತಿಯದು. ಅದರ ದೊಡ್ಡ ಹಾಯಿ ಮಾತ್ರವಲ್ಲ, ಮುಂದಿನ ಸಣ್ಣ ಹಾಯಿಯಾದ ಜಿಬ್ ಕೂಡ ಪೂರ್ಣ ಬ್ಯಾಟನ್ನಿನದು. ಆದ್ದರಿಂದ ಲೇಸರ್ ಓಡಿಸುವ ಸ್ನೇಹಿತರ ಸಲಹೆಯನ್ನು ನಿಮ್ಮ ದೋಣಿಗೆ ಹಾಗೆಯೇ ಅನ್ವಯಿಸಬೇಡಿ. ಅಲ್ಲಿ ಬ್ಯಾಟನ್ ಕಿಸೆಯಲ್ಲಿ ಹಿತವಾಗಿ ಕೂತರೆ ಆಯಿತು, ಬಿಗಿಯ ಪ್ರಶ್ನೆ ಹೆಚ್ಚು ಏಳುವುದಿಲ್ಲ.

ಈಗ ಬ್ಯಾಟನ್ ಏಕೆ ತಿರುಗುವುದಿಲ್ಲ ಎಂಬುದಕ್ಕೆ ಬರೋಣ. ಹೆಣ್ಣುಮಕ್ಕಳು ತಲೆಗೆ ಹಾಕುವ ಟಿಕ್‌ಟಿಕ್ ಕ್ಲಿಪ್ಪನ್ನು ನೆನಪಿಸಿಕೊಳ್ಳಿ. ಅದರ ತಗಡಿಗೆ ನೇರವಾಗಿ ನಿಲ್ಲಲು ಜಾಗವಿಲ್ಲ. ಆಚೆಗೋ ಈಚೆಗೋ ಬಾಗಿಯೇ ಇರಬೇಕು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾದರೆ ಬೆರಳಿನಿಂದ ಒತ್ತಿ ಟಿಕ್ ಎನ್ನಿಸಬೇಕು. ಬ್ಯಾಟನ್ನನ್ನು ಅದರ ಕಿಸೆಗಿಂತ ಉದ್ದವಾಗುವ ಹಾಗೆ ಎಳೆದು ಕಟ್ಟಿದಾಗ ಆಗುವುದೂ ಇದೇ. ಟ್ಯಾಕ್ ಮಾಡಿದಾಗ ಅದನ್ನು ಆಚೆ ಬದಿಗೆ ತಳ್ಳಬೇಕಾದ ಬೆರಳು ಗಾಳಿ. 12 ನಾಟ್ (ಗಂಟೆಗೆ ಸುಮಾರು 22 ಕಿಲೋಮೀಟರ್) ಗಾಳಿಗೆ ಆ ಶಕ್ತಿ ಉಂಟು, 4 ನಾಟ್ ಗಾಳಿಗೆ ಇಲ್ಲ. ಸ್ವಲ್ಪವೂ ಒತ್ತಡವಿಲ್ಲದೆ ಕಿಸೆಯಲ್ಲಿ ಮಲಗಿರುವ ಬ್ಯಾಟನ್ನಿಗೆ ಈ ಹಟವೇ ಇರುವುದಿಲ್ಲ.

ಮೇಲಿನವೇ ಏಕೆ ಸಿಕ್ಕಿಕೊಳ್ಳುತ್ತವೆ ಎಂಬುದು ಸ್ವಾರಸ್ಯದ ವಿಷಯ. ಒಂದು ಕಡ್ಡಿಯನ್ನು ಎರಡೂ ತುದಿಗಳಿಂದ ಒತ್ತಿ ಬಾಗಿಸಲು ಬೇಕಾದ ಬಲ ಅದರ ಉದ್ದದ ವರ್ಗಕ್ಕೆ ವಿಲೋಮವಾಗಿರುತ್ತದೆ. ಅಂದರೆ ಅದೇ ದಪ್ಪದ ಕಡ್ಡಿ ಅರ್ಧ ಉದ್ದವಾದರೆ ನಾಲ್ಕು ಪಟ್ಟು ಬಲ ಬೇಕು. ಹಾಯಿಯ ಮೇಲ್ಭಾಗದ ಬ್ಯಾಟನ್‌ಗಳು ಗಿಡ್ಡ, ಆದ್ದರಿಂದ ಅವು ಹುಟ್ಟಿನಿಂದಲೇ ಹಟಮಾರಿಗಳು. ಅವುಗಳನ್ನು ತಳ್ಳಲು ಸಿಗುವ ಬಟ್ಟೆಯ ವಿಸ್ತಾರವೂ ಅಲ್ಲಿ ಕಡಿಮೆ. ಇದರ ಮೇಲೆ ನೀವು ಎಲ್ಲವನ್ನೂ ಒಂದೇ ಸಮನಾಗಿ ಎಳೆದಿದ್ದೀರಿ. ಆ ‘ಒಂದೇ ಸಮ’ ಎಂಬುದು ದಾರದ ಲೆಕ್ಕದಲ್ಲಿ ಸಮ, ಹಾಯಿಯ ಲೆಕ್ಕದಲ್ಲಿ ಅಲ್ಲ.

ಎಂಜಿನಿಯರಾಗಿರಲಿ ಇಲ್ಲದಿರಲಿ, ಈ ಲೆಕ್ಕವನ್ನು ಒಮ್ಮೆ ನೋಡಿ. ನೇರವಾಗಿರುವ 2 ಮೀಟರ್ ಬ್ಯಾಟನ್ನಿನ ಎರಡು ತುದಿಗಳನ್ನು ಬರೀ 1 ಮಿಲಿಮೀಟರ್ ಹತ್ತಿರ ತಂದರೆ ಅದರ ನಡುಭಾಗ ಸುಮಾರು 27 ಮಿಲಿಮೀಟರ್ ಹೊರಕ್ಕೆ ಬಾಗುತ್ತದೆ. 5 ಮಿಲಿಮೀಟರ್ ತಂದರೆ ಸುಮಾರು 61 ಮಿಲಿಮೀಟರ್, ಅಂದರೆ ಉದ್ದದ ನೂರಕ್ಕೆ 3ರಷ್ಟು ಬಾಗು. ಅದೇ 5 ಮಿಲಿಮೀಟರನ್ನು 1 ಮೀಟರಿನ ಬ್ಯಾಟನ್ನಿಗೆ ಕೊಟ್ಟರೆ ಬಾಗು ಸುಮಾರು 43 ಮಿಲಿಮೀಟರ್, ಉದ್ದದ ನೂರಕ್ಕೆ 4ಕ್ಕಿಂತ ಹೆಚ್ಚು. ಬಟ್ಟೆ ಹಿಗ್ಗುವುದರಿಂದ ದೋಣಿಯ ಮೇಲೆ ಈ ಸಂಖ್ಯೆಗಳು ಹೀಗೆಯೇ ಬರುವುದಿಲ್ಲ, ಆದರೆ ಎರಡು ಮಾತು ಮಾತ್ರ ಗಟ್ಟಿ: ದಾರದಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚು ಕಡಿಮೆಯಾದರೂ ಹಾಯಿಯಲ್ಲಿ ಬೆರಳಗಲದ ವ್ಯತ್ಯಾಸ ಕಾಣುತ್ತದೆ, ಅದೇ ಎಳೆತ ಮೇಲಿನ ಗಿಡ್ಡ ಬ್ಯಾಟನ್ನಿಗೆ ಕೆಳಗಿನದಕ್ಕಿಂತ ಹೆಚ್ಚು ಉಬ್ಬು ಕೊಡುತ್ತದೆ. ಹಾಯಿಯ ತುದಿ ಕೆಳಭಾಗಕ್ಕಿಂತ ಹೆಚ್ಚು ಉಬ್ಬಿ, ಹಿಂದಿನ ಅಂಚು ಗಾಳಿಯತ್ತ ಕೊಕ್ಕೆಯಂತೆ ತಿರುಗಿದರೆ ದೋಣಿ ಮಂದ ಗಾಳಿಯಲ್ಲಿ ಏಳುವುದೇ ಇಲ್ಲ. ನೀವು ಹಿಂದೆ ಬೀಳುತ್ತಿರುವುದಕ್ಕೆ ತಿರುಗದ ಬ್ಯಾಟನ್ ಒಂದು ಕಾರಣವಾದರೆ, ತಿರುಗಿದ ಮೇಲೂ ಉಳಿಯುವ ಈ ಕೊಕ್ಕೆ ಇನ್ನೊಂದು ಕಾರಣವಿರಬಹುದು.

ಸರಿಯಾಗಿ ಕಟ್ಟುವ ಬಗೆ ಹೀಗೆ. ಮೊದಲು ಎಲ್ಲ ಗಂಟುಗಳನ್ನೂ ಬಿಚ್ಚಿ, ಬ್ಯಾಟನ್‌ಗಳನ್ನು ಹೊರಗೆಳೆದು, ಪ್ರತಿಯೊಂದರ ಯಾವ ತುದಿ ತೆಳ್ಳಗಿದೆ ಎಂದು ಬೆರಳಾಡಿಸಿ ನೋಡಿ. ತೆಳ್ಳಗಿನ ತುದಿ ಮಾಸ್ಟಿನ ಕಡೆಗೆ, ದಪ್ಪ ತುದಿ ಲೀಚಿನ ಕಡೆಗೆ ಬರಬೇಕು. ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಕೈ ಬದಲಾದ ಹಳೆಯ ದೋಣಿಗಳಲ್ಲಿ ಒಂದಾದರೂ ಬ್ಯಾಟನ್ ಹಿಂದು ಮುಂದಾಗಿರುವುದನ್ನು, ಎರಡು ಪಕ್ಕದ ಕಿಸೆಗಳ ಬ್ಯಾಟನ್‌ಗಳು ಅದಲುಬದಲಾಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆಮೇಲೆ ಬ್ಯಾಟನ್‌ಗಳನ್ನು ಸೇರಿಸಿ, ದಾರವನ್ನು ಕೈಗೆ ಸಿಗುವಷ್ಟು ಸಡಿಲವಾಗಿಟ್ಟು, 5–6 ನಾಟ್ ಗಾಳಿಯಿರುವ ಹೊತ್ತಿನಲ್ಲಿ ದಡದಲ್ಲೇ ಹಾಯಿ ಏರಿಸಿ, ಹಾಯಿಯ ಮುಂದಿನ ಅಂಚನ್ನು ಕೆಳಕ್ಕೆ ಬಿಗಿಯುವ ಹಗ್ಗವಾದ ಡೌನ್‌ಹಾಲನ್ನು ರೇಸಿನಲ್ಲಿ ಇಡುವಷ್ಟೇ ಎಳೆದು ನಿಲ್ಲಿಸಿ. ಡೌನ್‌ಹಾಲ್ ಎಳೆಯದೆ ಬ್ಯಾಟನ್ ಹೊಂದಿಸುವುದು ವ್ಯರ್ಥ, ಏಕೆಂದರೆ ಮುಂದಿನ ಅಂಚು ಬಿಗಿಯಾದೊಡನೆ ಬಟ್ಟೆಯ ಸಡಿಲ ಎಲ್ಲೆಲ್ಲಿದೆ ಎಂಬುದೇ ಬದಲಾಗುತ್ತದೆ.

ಈಗ ಕಿಸೆಗಳನ್ನು ಬದಿಯಿಂದ ನೋಡಿ. ಬ್ಯಾಟನ್ನಿಗೆ ಅಡ್ಡಲಾಗಿ, ಸೀರೆಯ ನೆರಿಗೆಯಂತೆ, ಮೇಲಿಂದ ಕೆಳಕ್ಕೆ ಸಣ್ಣ ಸುಕ್ಕುಗಳು ಸಾಲಾಗಿ ಕಾಣುತ್ತವೆ. ಹಾಯಿ ಇಳಿಸಿ, ಒಂದೊಂದಾಗಿ ಕೆಳಗಿನ ಬ್ಯಾಟನ್ನಿನಿಂದ ದಾರವನ್ನು ಸ್ವಲ್ಪ ಸ್ವಲ್ಪವೇ ಎಳೆದು ಕಟ್ಟುತ್ತಾ, ಮತ್ತೆ ಏರಿಸಿ ನೋಡುತ್ತಾ ಹೋಗಿ. ಆ ಸುಕ್ಕುಗಳು ಮಾಯವಾದ ಕ್ಷಣದಲ್ಲಿ ನಿಲ್ಲಿಸಿ. ಕೊನೆಯ ಒಂದು ಸುಕ್ಕು ಹೋಯಿತೋ ಇಲ್ಲವೋ ಎಂಬ ಅನುಮಾನವಿದ್ದರೆ ಅಷ್ಟಕ್ಕೇ ಬಿಡಿ. ಮೇಲಿನ ಮೂರಕ್ಕೆ ಒಂದು ರಿಯಾಯಿತಿ ಕೊಡಿ: ಅಲ್ಲಿ ನಸುಸುಕ್ಕು ಉಳಿದರೂ ಚಿಂತೆಯಿಲ್ಲ, ಬೆರಳಿನಿಂದ ತಳ್ಳಿದರೆ ಬ್ಯಾಟನ್ ಸದ್ದಿಲ್ಲದೆ ಆಚೆ ಬದಿಗೆ ಹೊರಳಬೇಕು. ‘ಟಕ್’ ಎಂದು ಸದ್ದು ಬಂದರೆ ಇನ್ನೂ ಬಿಗಿಯಿದೆ ಎಂದು ಅರ್ಥ. ಹೊಂದಿದ ಮೇಲೆ ದಾರದ ಮೇಲೆ, ಬ್ಯಾಟನ್ ತುದಿಗೆ ಹಾಕಿರುವ ಟೋಪಿಯ ಗೀರಿಗೆ ಸರಿಯಾಗಿ, ಅಳಿಸದ ಪೆನ್ನಿನಿಂದ ಗುರುತು ಹಾಕಿ. ಅರ್ಧ ಗಂಟೆ ಓಡಿಸಿ ಬಂದು, ದಾರ ಒದ್ದೆಯಾಗಿ ಜಗ್ಗಿದ ಮೇಲೆ, ಇನ್ನೊಮ್ಮೆ ನೋಡಿ. ಮೊದಲ ಸಲದ ಗುರುತು ಹೆಚ್ಚಾಗಿ ಸ್ವಲ್ಪ ಸರಿದಿರುತ್ತದೆ.

ಗಾಳಿ ಬದಲಾದಂತೆ ಬಿಗಿ ಬದಲಿಸಬೇಕೇ ಎಂಬುದರಲ್ಲಿ ಓಡಿಸುವವರಲ್ಲಿ ಒಮ್ಮತವಿಲ್ಲ. ಜೋರು ಗಾಳಿಗೆ ಇನ್ನಷ್ಟು ಬಿಗಿಯಬೇಕು ಎನ್ನುವವರಿದ್ದಾರೆ, ಬಿಗಿದರೆ ಉಬ್ಬು ಹೆಚ್ಚಿ ದೋಣಿ ಇನ್ನಷ್ಟು ಏಳುತ್ತದೆ ಎನ್ನುವವರೂ ಇದ್ದಾರೆ. ನನ್ನ ಅನುಭವದಲ್ಲಿ ಎರಡು ಮಾತೂ ಅರ್ಧ ಸತ್ಯ. ಗಲ್ಫಿನ ಜೋರು ವಾಯವ್ಯ ಗಾಳಿಯಾದ ಶಮಾಲ್ ಬೀಸುವ ದಿನ ಬಟ್ಟೆ ಹಿಗ್ಗುತ್ತದೆ, ದಡದಲ್ಲಿ ಕಾಣದ ಸುಕ್ಕು ನೀರಿನ ಮೇಲೆ ಮತ್ತೆ ಹುಟ್ಟುತ್ತದೆ. ಆ ಸುಕ್ಕು ಹೋಗುವಷ್ಟು ಮಾತ್ರ ಎಳೆಯಿರಿ. ಅದಕ್ಕಿಂತ ಹೆಚ್ಚು ಎಳೆದ ಬಿಗಿ ಹಾಯಿಯನ್ನು ಚಪ್ಪಟೆ ಮಾಡುವುದಿಲ್ಲ, ಉಬ್ಬಿಸುತ್ತದೆ. ಚಪ್ಪಟೆ ಮಾಡಲು ಡೌನ್‌ಹಾಲ್ ಇದೆ, ದೊಡ್ಡ ಹಾಯಿಯನ್ನು ಎಳೆದು ಹಿಡಿಯುವ ಹಗ್ಗ, ಅಂದರೆ ಮೇನ್‌ಶೀಟ್ ಇದೆ. ಅಲೆ ಒರಟಾಗಿದ್ದು ಗಾಳಿ ಮಧ್ಯಮವಾಗಿರುವ ದಿನ ದೋಣಿಗೆ ತಳ್ಳುವ ಶಕ್ತಿ ಸಾಲದೆನಿಸಿದರೆ, ಕೆಳಗಿನ ಮೂರು ನಾಲ್ಕು ಬ್ಯಾಟನ್‌ಗಳಿಗೆ ಗುರುತಿನಿಂದ 2–3 ಮಿಲಿಮೀಟರ್ ಮುಂದೆ ಎಳೆದು ನೋಡಬಹುದು. ಮೇಲಿನವುಗಳ ತಂಟೆಗೆ ಹೋಗಬೇಡಿ.

ಬಿಗಿ ಸರಿಯಾದ ಮೇಲೂ ಬ್ಯಾಟನ್ ತಿರುಗದಿದ್ದರೆ ಮೊದಲು ಮಾಸ್ಟಿನ ಬುಡ ನೋಡಿ. ನಿಮ್ಮ ದೋಣಿಯ ಮಾಸ್ಟ್ ತಿರುಗುವ ಜಾತಿಯದು. ಟ್ಯಾಕ್ ಆದ ಮೇಲೆ ಅದು ಹೊಸ ಬದಿಗೆ ಹೊರಳದಿದ್ದರೆ ಬ್ಯಾಟನ್‌ಗಳ ಮುಂತುದಿ ಹಳೆಯ ಕಡೆಗೇ ಮುಖ ಮಾಡಿ ನಿಲ್ಲುತ್ತದೆ, ಆಗ ಬ್ಯಾಟನ್ನನ್ನು ಬೈದು ಪ್ರಯೋಜನವಿಲ್ಲ. ಉಪ್ಪು ಮತ್ತು ಮರಳು ಬುಡದಲ್ಲಿ ಕೂತು ತಿರುಗಣೆ ಹಿಡಿದಿರುವುದುಂಟು. ಸಿಹಿನೀರಿನಲ್ಲಿ ತೊಳೆಯಿರಿ. ಮಂದ ಗಾಳಿಯಲ್ಲಿ ಜೊತೆಗಾರರು ಕೈಯಿಂದ ಮಾಸ್ಟನ್ನು ಹೊರಳಿಸಿದರೂ ಆದೀತು. ಇನ್ನೊಂದು, ದೋಣಿಯ ಮೂತಿ ಗಾಳಿಗೆ ಎದುರಾಗುವ ಹೊತ್ತಿಗೆ ಮೇನ್‌ಶೀಟನ್ನು ಸಡಿಲಬಿಡಿ. ಪೂರ್ಣ ಬ್ಯಾಟನ್ನಿನ ಹಾಯಿಯನ್ನು ಬಿಗಿಯಾಗಿಯೇ ಹಿಡಿದು ತಿರುಗಿದರೆ ಅದು ಬಾಗಿಲಿನಂತೆ ಗಾಳಿಗೆ ಅಡ್ಡ ನಿಂತು ದೋಣಿಯನ್ನು ಹಿಂದಕ್ಕೆ ತಳ್ಳುತ್ತದೆ. ಹೊಸ ಬದಿಗೆ ಬಂದು ನೆಲೆಯಾದ ಮೇಲೆ ಶೀಟನ್ನು ಒಮ್ಮೆ ಚುರುಕಾಗಿ ಜಗ್ಗಿದರೆ ಬ್ಯಾಟನ್‌ಗಳು ಸಾಲಾಗಿ ಹೊರಳುತ್ತವೆ.

ಹೀಗೆ ಜಗ್ಗುವುದು ನಿಯಮಕ್ಕೆ ವಿರುದ್ಧವಲ್ಲವೇ ಎಂದು ನೀವು ಕೇಳಬಹುದು. ಹಾಯಿಯನ್ನು ಪದೇ ಪದೇ ಜಗ್ಗಿ ದೋಣಿ ನೂಕುವುದನ್ನು ಹಾಯಿದೋಣಿ ಸ್ಪರ್ಧೆಯ ನಿಯಮಾವಳಿಯ 42ನೆಯ ನಿಯಮ ನಿಷೇಧಿಸುತ್ತದೆ. ಆದರೆ ಅದೇ ನಿಯಮದ ಅಪವಾದಗಳಲ್ಲಿ ಬ್ಯಾಟನ್ ತಿರುಗುಮುರುಗಾಗಿ ನಿಂತಾಗ ಅದು ಸರಿಯಾಗುವವರೆಗೆ ಹಾಯಿಯನ್ನು ಜಗ್ಗಲು ಅನುಮತಿಯಿದೆ, ಅದರಿಂದ ದೋಣಿ ಸ್ಪಷ್ಟವಾಗಿ ಮುಂದೂಡಲ್ಪಡಬಾರದು ಎಂಬ ಷರತ್ತಿನೊಂದಿಗೆ. ಬ್ಯಾಟನ್ ಹೊರಳಿದ ಮೇಲೆ ಇನ್ನೊಂದು ಸಲ ಕೈ ಆಡಿಸಿದರೆ ತೀರ್ಪುಗಾರರ ಸೀಟಿ ಕೇಳಿಸುತ್ತದೆ. ಹೊರಳಿದ್ದನ್ನು ನೋಡಿಕೊಂಡು ಹೇಳುವ ಕೆಲಸವನ್ನು ಜೊತೆಗಾರರಿಗೆ ಒಪ್ಪಿಸಿ. ಚುಕ್ಕಾಣಿ ಹಿಡಿದವರು ಆ ಹೊತ್ತಿನಲ್ಲಿ ತಲೆ ಎತ್ತಿ ಹಾಯಿಯ ತುದಿ ನೋಡುತ್ತಾ ಕೂತರೆ ದೋಣಿ ದಾರಿ ಬಿಡುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ತೊಂದರೆ ಉಳಿದರೆ ಗಡಸುತನದ ಅಳತೆ ತೆಗೆಯಿರಿ. ಅದಕ್ಕೆ ಅಡುಗೆಮನೆಯ ತೂಕದ ಯಂತ್ರ ಸಾಕು. ಬ್ಯಾಟನ್ನಿನ ದಪ್ಪ ತುದಿಯನ್ನು ಯಂತ್ರದ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಸ್ವಂತ ತೂಕವನ್ನು ಸೊನ್ನೆ ಮಾಡಿಕೊಂಡು, ಮೇಲಿನ ತುದಿಯನ್ನು ಅಂಗೈಯಿಂದ ನೇರ ಕೆಳಕ್ಕೆ ಒತ್ತಿ. ಅಂಕಿ ಏರುತ್ತಾ ಹೋಗಿ, ಬ್ಯಾಟನ್ ಬಾಗಿದೊಡನೆ ಹೆಚ್ಚುಕಡಿಮೆ ಒಂದೇ ಕಡೆ ನಿಂತುಬಿಡುತ್ತದೆ. ಆಮೇಲೆ ಇನ್ನೂ ಬಾಗಿಸಿದರೂ ಅದು ಬಹಳ ಏರುವುದಿಲ್ಲ. ಆ ನಿಂತ ಅಂಕಿಯೇ ಆ ಬ್ಯಾಟನ್ನಿನ ಗಡಸುತನದ ಗುರುತು. ಉದ್ದದ ಬ್ಯಾಟನ್‌ಗಳಿಗೆ ಸ್ಟೂಲ್ ಹತ್ತಬೇಕಾಗುತ್ತದೆ, ಹತ್ತುವ ಮೊದಲು ಮೇಲೆ ಫ್ಯಾನ್ ನಿಲ್ಲಿಸಿ. ಬಾಗಿಸಿ ಹಿಡಿದಿರುವಾಗಲೇ ಮನೆಯವರಿಂದ ಅತಿ ಹೆಚ್ಚು ಬಾಗಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಸಿ. ಉದ್ದಕ್ಕೂ ಒಂದೇ ದಪ್ಪವಿರುವ ಬ್ಯಾಟನ್ ನಟ್ಟನಡುವೆ ಬಾಗುತ್ತದೆ. ಮುಂದಕ್ಕೆ ತೆಳುವಾಗುವುದು ಮಾಸ್ಟಿನಿಂದ ಅಳೆದರೆ ನೂರಕ್ಕೆ 40–45ರ ಆಸುಪಾಸಿನಲ್ಲಿ ಬಾಗುತ್ತದೆ, ಹಾಯಿಯ ಉಬ್ಬು ಕೂತಿರಬೇಕಾದ್ದೂ ಸುಮಾರಾಗಿ ಅಲ್ಲಿಯೇ. ಎಲ್ಲ ಬ್ಯಾಟನ್‌ಗಳ ಎರಡೆರಡು ಅಂಕಿಗಳನ್ನು ಬರೆದಿಟ್ಟು, ನಿಮ್ಮ ಜೊತೆ ಓಡುವ ವೇಗದ ದೋಣಿಯೊಂದರ ಬ್ಯಾಟನ್‌ಗಳನ್ನೂ ಕೇಳಿ ಪಡೆದು ಹೀಗೆಯೇ ಅಳೆಯಿರಿ. ಮೇಲಿನಿಂದ ಕೆಳಕ್ಕೆ ಅಂಕಿಗಳು ಕ್ರಮವಾಗಿ ಬದಲಾಗುತ್ತಾ ಹೋಗಬೇಕು. ನಡುವೆ ಒಂದು ಮಾತ್ರ ಎದ್ದು ಕಂಡರೆ ಅದು ಹಿಂದಿನ ಮಾಲೀಕರು ಎಲ್ಲಿಂದಲೋ ತಂದು ಸೇರಿಸಿದ ಬ್ಯಾಟನ್ ಇರಬಹುದು, ಬದಲಿಸಬೇಕಾದ್ದು ಅದೊಂದೇ.

ಉಜ್ಜುವುದು ಬೇಡವೆಂದೆ. ಗಡಸುತನ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ: 3 ಮಿಲಿಮೀಟರಿನ ಬ್ಯಾಟನ್ನನ್ನು 2.7ಕ್ಕೆ ಇಳಿಸಿದರೆ, ಕಣ್ಣಿಗೆ ಕಾಣದಷ್ಟು ಉಜ್ಜಿದಂತಾದರೂ, ನೂರಕ್ಕೆ 27ರಷ್ಟು ಗಡಸು ಹೋಗಿರುತ್ತದೆ. ಕೈಯಲ್ಲಿ ಉಜ್ಜಿದಾಗ ಎಲ್ಲ ಕಡೆ ಒಂದೇ ಸಮ ಸವೆಯುವುದೂ ಇಲ್ಲ. ನಾನು ಈ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನನ್ನದೇ ದೋಣಿಯ ಮೇಲಿನ ಎರಡು ಬ್ಯಾಟನ್‌ಗಳನ್ನು ಒಂದು ಮಧ್ಯಾಹ್ನ ಕೂತು ಉಜ್ಜಿದೆ. ಒಂದರಲ್ಲಿ ಅಂಗೈಯಗಲದ ಜಾಗ ಹೆಚ್ಚು ಸವೆದು ಅಲ್ಲಿಯೇ ಕೀಲಿನಂತೆ ಮಡಚತೊಡಗಿತು. ಮೂರನೆಯ ವಾರ ಒಂದು ಬಿರುಸಿನ ಗಾಳಿಗೆ ಅದು ಮುರಿದು, ಸೀಳಿದ ತುದಿ ಕಿಸೆಯನ್ನು ಗೇಣುದ್ದ ಹರಿಯಿತು. ಬ್ಯಾಟನ್ನಿನ ಬೆಲೆಗಿಂತ ಹಾಯಿ ಹೊಲಿಸಿದ ಖರ್ಚು ಹೆಚ್ಚಾಯಿತು. ಫೈಬರ್‌ಗ್ಲಾಸಿನ ಪುಡಿ ಮೈಗೆ ಅಂಟಿ ಎರಡು ದಿನ ಕೆರೆದುಕೊಂಡದ್ದು ಬೇರೆ. ಅಲ್ಲದೆ ಹೋಬಿ 16 ಕಟ್ಟುನಿಟ್ಟಾಗಿ ಒಂದೇ ಮಾದರಿಯ ಕ್ಲಾಸ್. ಯಾವುದೇ ಬ್ಯಾಟನ್ ಬದಲಿಸುವ ಮೊದಲು ಚಾಲ್ತಿಯಲ್ಲಿರುವ ಕ್ಲಾಸ್ ನಿಯಮ ಓದಿ, ಅನುಮಾನವಿದ್ದರೆ ರೇಸಿನ ಅಳತೆಗಾರರನ್ನು ಕೇಳಿ.

ಮೊದಲೇ ಹೇಳಬೇಕಿದ್ದ ಒಂದು ಮಾತು: ಹಾಯಿಯ ಲೀಚಿನಲ್ಲಿ, ಮೇಲಿನಿಂದ ಎರಡನೆಯ ಬ್ಯಾಟನ್ನಿನ ತುದಿಯಲ್ಲಿ, ತೆಳುವಾದ ಬಟ್ಟೆಯ ಒಂದು ಟೆಲ್‌ಟೇಲ್, ಅಂದರೆ ಗಾಳಿಯ ಹರಿವು ತೋರಿಸುವ ಪಟ್ಟಿ, ಹೊಲಿಸಿಕೊಳ್ಳಿ. ಗಾಳಿಗೆದುರಾಗಿ ಸಾಗುವಾಗ ಅದು ಹೆಚ್ಚಿನ ಹೊತ್ತು ಹಿಂದಕ್ಕೆ ನೇರವಾಗಿ ಹಾರುತ್ತಿರಬೇಕು. ಸದಾ ಹಾಯಿಯ ಹಿಂಬದಿಗೆ ಸುತ್ತಿಕೊಂಡು ಅಡಗಿದ್ದರೆ ಲೀಚ್ ಮುಚ್ಚಿಕೊಂಡಿದೆ ಎಂದು ಅರ್ಥ. ಆಗ ಮೇನ್‌ಶೀಟನ್ನು ಒಂದು ಗೇಣು ಸಡಿಲಿಸಿ ನೋಡಿ. ಟೆಲ್‌ಟೇಲ್ ಹಾರತೊಡಗಿದರೆ ತಪ್ಪು ಶೀಟಿನದು. ಆಗಲೂ ಅಡಗಿಯೇ ಇದ್ದರೆ ಮೇಲಿನ ಬ್ಯಾಟನ್ನಿನ ಬಿಗಿ ಇನ್ನೂ ಹೆಚ್ಚಿದೆ.

ಜಿಬ್‌ನ ಬ್ಯಾಟನ್‌ಗಳಿಗೂ ಸುಕ್ಕಿನ ಲೆಕ್ಕವೇ. ಅವು ಟ್ಯಾಕ್ ಮಾಡುವಾಗ ಮಾಸ್ಟಿಗೆ ತಾಗುತ್ತಾ ಹೋಗುವುದರಿಂದ ಕಿಸೆಯ ಹೊಲಿಗೆ ಬೇಗ ಸವೆಯುತ್ತದೆ, ತಿಂಗಳಿಗೊಮ್ಮೆ ಬೆರಳಾಡಿಸಿ ನೋಡಿ. ಗಲ್ಫಿನ ಬಿಸಿಲಿಗೆ ಹಳೆಯ ಬ್ಯಾಟನ್ನಿನ ಮೈಯಿಂದ ಗಾಜಿನ ಎಳೆ ಎದ್ದಿದ್ದರೆ ಅಲ್ಲಿಗೆ ತೆಳುವಾದ ಟೇಪ್ ಸುತ್ತಿ, ಇಲ್ಲದಿದ್ದರೆ ಅದು ಕಿಸೆಯನ್ನು ಒಳಗಿನಿಂದ ಕೊರೆಯುತ್ತದೆ. ರೇಸ್ ಮುಗಿದ ಮೇಲೆ ಹಾಯಿಯನ್ನು ಮೇಲಿನ ತುದಿಯಿಂದ, ಬ್ಯಾಟನ್‌ಗಳು ಸುರುಳಿಯ ಅಕ್ಷಕ್ಕೆ ಸಮಾನಾಂತರವಾಗಿರುವಂತೆ ಚಾಪೆಯ ಹಾಗೆ ಸುತ್ತಿ. ಸುತ್ತುವ ಮೊದಲು ಎಲ್ಲ ಗಂಟುಗಳನ್ನೂ ಸಡಿಲಿಸಿ. ಬಿಗಿಯಲ್ಲೇ ವಾರವಿಡೀ ಬಿಟ್ಟರೆ ಕಿಸೆಯ ಬಟ್ಟೆ ಹಿಗ್ಗಿ, ಈಗ ಹಾಕಿದ ಗುರುತುಗಳು ಮುಂದಿನ ತಿಂಗಳು ಸುಳ್ಳು ಹೇಳುತ್ತವೆ.